ಪಾರ್ವತೆಮ್ಮನ ಒಪ್ಪಿಗೆ

ಮಾನ್ವಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ವಿರೂಪಣ್ಣ ಮಗಳ ಮದುವೆಯನ್ನು ಆದಷ್ಟು ಸದ್ದಿಲ್ಲದೆ ಮುಗಿಸಬೇಕೆಂದುಕೊಂಡಿದ್ದ. ನಸುಕಿನ ಮುಹೂರ್ತ, ಮನೆಯ ಹಿತ್ತಲಲ್ಲೊಂದು ಸಣ್ಣ ಹಂದರ, ಬಾಜಾ ಇಲ್ಲ, ಮೈಕಿಲ್ಲ. ಮಗಳು ಪಾರ್ವತೆಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ವರ ಗಡಿಗೆಪ್ಪನೂ ಹಾಗೆಯೇ. ದೇವದುರ್ಗದ ಹುಡುಗ, ರಾಯಚೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ.

ಹೆಣ್ಣು ನೋಡಲು ಬಂದ ದಿನ ಅವರಿಬ್ಬರೂ ಕೈಯಲ್ಲೇ ಮಾತಿಗೆ ಕೂತರು. ಉಪ್ಪಿಟ್ಟು ಆರಿತು, ಚಹಾದ ಮೇಲೆ ಕೆನೆ ಕಟ್ಟಿತು, ಅವರ ಮಾತು ಮುಗಿಯಲಿಲ್ಲ. ಎರಡೂ ಕಡೆಯ ಹಿರಿಯರು ಏನೂ ತಿಳಿಯದೆ ಗೋಡೆಗೆ ಒರಗಿ ಪಿಳಿಪಿಳಿ ನೋಡುತ್ತಿದ್ದರು. ಅವತ್ತು ಆ ಪಡಸಾಲೆಯಲ್ಲಿ ಮೂಕರಾಗಿದ್ದವರು ಈ ಹಿರಿಯರೇ.

ಮದುವೆಯ ಏರ್ಪಾಟು ಮಾತಾಡಲು ಜಂಗಮ ಶರಣಯ್ಯನವರು ಬಂದಾಗ ಪಾರ್ವತೆಮ್ಮ ಪಕ್ಕದ ಮನೆಯ ಹೀರಾಬಿಯನ್ನು ಕರೆದುಕೊಂಡು ಬಂದು ಎದುರಿಗೆ ಕೂತಳು. ಹೀರಾಬಿ ಅವಳ ಚಿಕ್ಕಂದಿನ ಗೆಳತಿ. ಇಬ್ಬರೂ ಮಣ್ಣಲ್ಲಿ ಆಡುವಾಗಿನಿಂದಲೇ ಬೆರಳಿನ ಭಾಷೆ ಕಟ್ಟಿಕೊಂಡವರು. ಪಾರ್ವತೆಮ್ಮನ ಕೈಮಾತನ್ನು ಬಾಯಿಮಾತು ಮಾಡಿ ಮನೆಯವರಿಗೆ ಮುಟ್ಟಿಸುವ ಕೆಲಸ ಅವಳದೇ.

ಪಾರ್ವತೆಮ್ಮನ ಕೈಗಳು ಚುರುಕಾಗಿ ಓಡಿದವು. ಹೀರಾಬಿ ಹೇಳಿದಳು: "ಕಾಕಾ, ನಸುಕಿನ ಮುಹೂರ್ತ ಬ್ಯಾಡಂತ. ಕತ್ಲಾಗ ಯಾರ ಕೈನೂ ಕಾಣಂಗಿಲ್ಲ. ದೀಪ ಆರಿಸಿದ್ರ ನಮ್ಮ ಬಾಯಿ ಕಟ್ಟಿದಂಗ ಅಂತಾಳ."

"ಆತು, ಹಗಲಾಗ ಇಡೂಣು," ಎಂದ ವಿರೂಪಣ್ಣ.

"ಹಂದರದ ನಡುವ ಕಂಬ ಬ್ಯಾಡಂತ. ಕಂಬದ ಹಿಂದ ಕುಂತವರಿಗೆ ಎದುರಿನವರ ಮಾತು ಕಾಣಂಗಿಲ್ಲ. ಹಿತ್ತಲದಾಗನೂ ಬ್ಯಾಡ. ವಲಿ ಪಾಷಾ ಅಂತ ಗಡಿಗೆಪ್ಪನ ದೋಸ್ತ ಬರ್ತಾನ, ಮೂರು ಗಾಲಿ ಸೈಕಲ್‌ನ್ಯಾಗ. ಅವನಿಗೆ ಬಾಯಿ ಅದ, ಕಾಲಿಲ್ಲ. ನಿಮ್ಮ ಮನಿ ಹೊಸ್ತಿಲಾ ದಾಟೋದ್ರಾಗ ಅವನ ಲಗ್ನಾನೂ ಬಂದಿರ್ತದ. ಬೀದ್ಯಾಗ ಹಂದರ ಹಾಕ್ರಿ, ಕಟ್ಟಿ ಗಿಟ್ಟಿ ಬ್ಯಾಡ, ನೆಲದ ಮ್ಯಾಲಾ ಲಗ್ನ ಆಗ್ಲಿ."

"ಬೀದ್ಯಾಗ?" ವಿರೂಪಣ್ಣನ ಮುಖ ಸಪ್ಪಗಾಯಿತು.

"ಬಾಜಾನೂ ಬೇಕಂತ. ಡೋಲು ಎದಿಗೆ ಬಡೀತದಂತ, ಆಕಿಗೆ ಹಂಗಾ ಗೊತ್ತಾಗ್ತದ."

ಒಳಗಿನಿಂದ ತಾಯಿ ಗುರುಶಾಂತಮ್ಮ ನಕ್ಕಳು. "ಕೇಳಂಗಿಲ್ಲ ಅಂತ ನೀವು ಬಾಜಾದ ರೊಕ್ಕ ಉಳಿಸಾಕ ಹೋದ್ರಿ, ಆಕಿ ಎದೀನಾ ಕಿವಿ ಮಾಡಿಕೊಂಡಾಳ."

ಇಷ್ಟಕ್ಕೆಲ್ಲ ವಿರೂಪಣ್ಣ ಗೋಣು ಹಾಕಿದ. ಆಮೇಲೆ ಶರಣಯ್ಯನವರು ವಿಭೂತಿ ಹಚ್ಚಿದ ಹಣೆ ಒರೆಸಿಕೊಂಡು, "ಅಕ್ಕಿಕಾಳು ಬೀಳೋಕಿಂತ ಮುಂಚೆ ಕನ್ಯಾದ ಒಪ್ಪಿಗಿ ಕೇಳೋದದ. ಆಕಿ ಪರವಾಗಿ ನೀವಾ ಹೂಂ ಅಂದುಬಿಡ್ರಿ ವಿರೂಪಣ್ಣ," ಎಂದರು.

ಅವರ ತುಟಿಗಳನ್ನೇ ನೋಡುತ್ತಿದ್ದ ಪಾರ್ವತೆಮ್ಮ ಏನಾಯಿತೆಂದು ಗೆಳತಿಯನ್ನು ಕೇಳಿದಳು. ತಿಳಿದ ಮೇಲೆ ಅವಳ ಕೈಗಳು ಗಾಳಿಯಲ್ಲಿ ಬಹಳ ಹೊತ್ತು ಹಾರಾಡಿದವು. ಬಳೆಗಳು ಜಗಳಾಡಿದಂತೆ ಸದ್ದು ಮಾಡಿದವು.

ಹೀರಾಬಿ ಮೆತ್ತಗೆ, "ನಾನಾ ಹೂಂ ಅಂತೀನಿ ಅಂತಾಳ್ರಿ," ಎಂದಳು.

ಪಾರ್ವತೆಮ್ಮ ಅವಳ ತೋಳು ಚಿವುಟಿದಳು. ಎರಡೂ ಕೈ ಅಗಲಿಸಿ, ನಾನು ಹೇಳಿದ್ದು ಇಷ್ಟು, ಎಂದಳು. ಬೆರಳ ತುದಿ ಹಿಡಿದು, ನೀನು ಹೇಳಿದ್ದು ಇಷ್ಟು.

"ಎಲ್ಲಾ ಹೇಳಿದ್ರ ಅಯ್ಯನೋರು ಎದ್ದು ಹೋಗ್ತಾರ," ಎಂದು ಹೀರಾಬಿ ತೋಳು ಉಜ್ಜಿಕೊಂಡಳು. ಆಮೇಲೆ ಉಳಿದದ್ದನ್ನೂ ಹೇಳಲೇಬೇಕಾಯಿತು. "ಲಗ್ನ ಅಪ್ಪಂದೋ ನಂದೋ ಅಂತಾಳ. ಅವತ್ತು ಈ ಹೀರಾಬೀನೂ ನಡುವ ಬಾಯಿ ಹಾಕಬಾರದಂತ. ನೀವಾ ಆಕೀನ್ನ ಕೇಳಬೇಕಂತ ಕಾಕಾ, ಕೈಲೆ."

"ನನಗ ಎಲ್ಲಿ ಬರ್ತದವ್ವಾ!"

ಪಾರ್ವತೆಮ್ಮ ತಂದೆಯ ಎದೆಗೆ ಬೆರಳು ಮಾಡಿ, ಹಣೆಯನ್ನು ಮೆಲ್ಲಗೆ ತಟ್ಟಿಕೊಂಡಳು. ಅದಕ್ಕೆ ಹೀರಾಬಿ ಬೇಕಾಗಲಿಲ್ಲ. ಕಲಿ, ಎಂದಿದ್ದಳು.

ವಿರೂಪಣ್ಣನಿಗೆ ಮಗಳ ಭಾಷೆಯಲ್ಲಿ ಬರುತ್ತಿದ್ದುದು ಬಾ, ಹೋಗು, ಉಣ್ಣು, ಮಲಗು ಇಷ್ಟೇ. ಇನ್ನು ಹೀರಾಬಿಯ ಪಾಠ ಶುರುವಾಯಿತು. ಮೊದಲು ಹುಡುಗನ ಕಡೆ ಬೆರಳು ಮಾಡಬೇಕು, ಆಮೇಲೆ ಎರಡೂ ಕೈಯಿಂದ ಕೊರಳಿಗೆ ತಾಳಿ ಕಟ್ಟಿಕೊಂಡಂತೆ ಮಾಡಬೇಕು, ಕಡೆಗೆ ಅಂಗೈ ಬಿಚ್ಚಿ ಹುಬ್ಬು ಏರಿಸಬೇಕು. ಹುಬ್ಬು ಏರಿಸದಿದ್ದರೆ ಅದು ಪ್ರಶ್ನೆಯಲ್ಲ, ಹುಕುಂ. ವಿರೂಪಣ್ಣನ ಹುಬ್ಬುಗಳಿಗೆ ಏರಿ ರೂಢಿಯಿರಲಿಲ್ಲ.

ಗಿರಾಕಿಗಳು ಇಲ್ಲದಾಗ ಅವನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ರೂಢಿ ಮಾಡುತ್ತಿದ್ದ. ಒಂದು ಮಧ್ಯಾಹ್ನ ಸಿರವಾರದಿಂದ ಬಂದ ದಲಾಲಿಯೊಬ್ಬ ಬಾಗಿಲಲ್ಲೇ ನಿಂತು ನೋಡಿದ. "ಯಾಕ್ರಿ ಸಾವ್ಕಾರ್ರ, ಕುತ್ತಿಗಿ ಹಿಡ್ಕೊಂಡದೇನ್ರಿ? ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕಿಸಿಕೊಳ್ರಿ."

"ಹೂಂನಪ್ಪಾ, ಹಿಡ್ಕೊಂಡದ," ಎಂದ ವಿರೂಪಣ್ಣ.

ಮದುವೆಯ ದಿನ ಬೀದಿಯಗಲ ಹಂದರ ಬಿದ್ದಿತ್ತು. ರಾಯಚೂರಿನಿಂದ ಬಸ್ಸಿಳಿದ ಗಡಿಗೆಪ್ಪನ ಗೆಳೆಯರು ದುಂಡಗೆ ಕೂತರು. ಅವರ ಕೈಗಳು ಒಂದೇ ಸಮನೆ ಆಡುತ್ತಿದ್ದುದನ್ನು ನೋಡಲು ಓಣಿಯವರೆಲ್ಲ ಮಾಳಿಗೆ ಏರಿದರು. ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಬಂದಿದ್ದ ವಲಿ ಪಾಷಾ ಅದನ್ನು ನೇರ ಹಸೆಮಣೆಯ ಪಕ್ಕಕ್ಕೇ ತಂದು ನಿಲ್ಲಿಸಿದ. ಡೋಲಿನವರು ಹತ್ತಿರ ನಿಂತು ಬಡಿದಾಗ ಪಾರ್ವತೆಮ್ಮ ಕಣ್ಣು ಮುಚ್ಚಿ ಅಂಗೈಯನ್ನು ನೆಲಕ್ಕೆ ಊರಿದಳು. ಶರಣಯ್ಯನವರು ಮಾತ್ರ ಕಿವಿ ಮುಚ್ಚಿಕೊಂಡರು.

ಬಾಜಾ ನಿಂತಿತು. ಶರಣಯ್ಯನವರು ಕಣ್ಸನ್ನೆ ಮಾಡಿದರು. ವಿರೂಪಣ್ಣ ಮಗಳ ಎದುರಿಗೆ ಬಂದು ಕೂತ. ಹೀರಾಬಿ ಮಾತು ಕೊಟ್ಟಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನು ಗಡಿಗೆಪ್ಪನ ಕಡೆ ಬೆರಳು ಮಾಡಿದ. ಅದು ಸರಿಯಾಯಿತು. ಆದರೆ ಅಷ್ಟು ಜನ ನೋಡುತ್ತಿದ್ದಾಗ ಕೈ ಕೊರಳಿಗೆ ಹೋಗುವ ಬದಲು, ಎಷ್ಟೋ ವರ್ಷಗಳ ರೂಢಿಯಂತೆ, ಬಾಯಿಗೆ ಹೋಯಿತು. ಹುಬ್ಬುಗಳು ಮಾತ್ರ ಚೆನ್ನಾಗಿ ಏರಿದವು.

ಇವನನ್ನು ಉಣ್ಣುತ್ತೀಯಾ, ಎಂದು ಕೇಳಿದಂತಾಯಿತು.

ರಾಯಚೂರಿನವರ ಗುಂಪು ಒಮ್ಮೆಲೇ ಹೊಟ್ಟೆ ಹಿಡಿದುಕೊಂಡಿತು. ಪಾರ್ವತೆಮ್ಮ ನಗಲಿಲ್ಲ. ಗಡಿಗೆಪ್ಪನನ್ನು ಮೇಲಿಂದ ಕೆಳಗೆ ನೋಡಿ, ಅವನ ರಟ್ಟೆ ಒತ್ತಿ ನೋಡಿ, ತಂದೆಗೆ ಏನೋ ಹೇಳಿದಳು. ಗಡಿಗೆಪ್ಪ ಬಾಸಿಂಗ ಜಾರುವಷ್ಟು ನಕ್ಕ.

"ಏನಂದಳ?" ವಿರೂಪಣ್ಣ ಹೀರಾಬಿಯ ಕಡೆ ತಿರುಗಿದ.

"ನಾ ಇವತ್ತು ಮೂಕಿ ಕಾಕಾ. ಆಕೀನ್ನಾ ಕೇಳ್ರಿ."

ಅವನು ಮಗಳ ಕಡೆ ತಿರುಗಿ ಮತ್ತೆ ಹುಬ್ಬು ಏರಿಸಿದ. ಅವಳು ಕೂಸಿಗೆ ಕಲಿಸುವಂತೆ ನಿಧಾನವಾಗಿ ಹೇಳಿದಳು. ಒಲೆ. ಗಡಿಗೆ. ಮುಚ್ಚಳ. ಗಡಿಗೆಪ್ಪನ ಕಡೆ ಬೆರಳು. ಇನ್ನೂ ಹಸಿ ಇದಾನೆ ಅಪ್ಪಾ, ಮೊದಲು ಬೇಯಿಸಬೇಕು.

ಎಲ್ಲರ ನಗು ಮುಗಿದ ಮೇಲೆ ವಿರೂಪಣ್ಣನ ನಗು ಶುರುವಾಯಿತು. ಮಗಳು ಇಷ್ಟು ಕಿಡಿಗೇಡಿ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಚಿವುಟಿಸಿಕೊಂಡ ಹೀರಾಬಿಯ ತೋಳಿಗಂತೂ ಚೆನ್ನಾಗಿ ಗೊತ್ತಿತ್ತು. ತಾನು ಇವಳನ್ನು ಏನನ್ನೂ ಕೇಳಿಯೇ ಇರಲಿಲ್ಲವೆಂದು ಅವನಿಗೆ ಹೊಳೆದದ್ದು ಆಗ. ಕಣ್ಣು ಒರೆಸಿಕೊಂಡು, ಈ ಸಲ ಎರಡೂ ಕೈಯನ್ನು ಕೊರಳಿನ ಹಿಂದೆ ಒಯ್ದು ಗಂಟು ಹಾಕಿದಂತೆ ಮಾಡಿ, ಅಂಗೈ ಬಿಚ್ಚಿದ.

ಪಾರ್ವತೆಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಆತೇನು?" ಶರಣಯ್ಯನವರು ಕೇಳಿದರು.

"ಆತ್ರಿ ಅಯ್ಯನೋರ," ಎಂದ ವಿರೂಪಣ್ಣ. "ಹೂಂ ಅಂದಳ."

ಊಟದ ಪಂಕ್ತಿಯಲ್ಲಿ ಅವನು ರಾಯಚೂರಿನವರ ನಡುವೆಯೇ ಕೂತ. ಅಲ್ಲಿ ಬೇರೆ ಫಜೀತಿಯಾಗಿತ್ತು. ಅವರು ಮಾತಿಗೆ ಕೈ ಎತ್ತಿದಾಗಲೆಲ್ಲ ಬಡಿಸುವವರು ಬೇಕು ಎಂದು ತಿಳಿದು ಹೋಳಿಗೆ ಹಾಕುತ್ತಿದ್ದರು. "ಏ, ಅವರು ಹೋಳಿಗಿ ಕೇಳಾಕತ್ತಿಲ್ಲೋ, ಮಾತಾಡಾಕತ್ತಾರ!" ಎಂದು ವಲಿ ಪಾಷಾ ಸೈಕಲ್ಲಿನ ಮೇಲಿಂದ ಕೂಗುವುದರೊಳಗೆ ಎಲೆಗಳು ತುಂಬಿಹೋಗಿದ್ದವು.

ದೇವದುರ್ಗಕ್ಕೆ ಹೊರಡುವ ಜೀಪು ಬಂದು ನಿಂತಾಗಲೂ ಬಿಸಿಲಿತ್ತು. ಪಾರ್ವತೆಮ್ಮ ಹತ್ತಿ ಕೂತಿದ್ದಳು. ವಿರೂಪಣ್ಣ ಜೀಪಿನ ಪಕ್ಕ ನಿಂತು ತಪ್ಪುತಪ್ಪಾಗಿ ಏನೇನೋ ಕೇಳುತ್ತಲೇ ಇದ್ದ, ಅವಳು ಅವನ ಬೆರಳು ಹಿಡಿದು ತಿದ್ದಿ ತಿದ್ದಿ ಉತ್ತರ ಕೊಡುತ್ತಿದ್ದಳು. ಡ್ರೈವರ್ ಎಷ್ಟು ಹಾರ್ನ್ ಹೊಡೆದರೂ ಅವನು ತಿರುಗಲಿಲ್ಲ. ಕಡೆಗೆ ಗುರುಶಾಂತಮ್ಮನೇ ಬಂದು ಗಂಡನ ಭುಜ ತಟ್ಟಬೇಕಾಯಿತು.