ಮೇಷ್ಟ್ರ ಲೆಕ್ಕ ಓಡುತ್ತಿದೆ

ಗಂಡನ ಅಂಗಿಯ ಕಾಲರನ್ನು ಆಕೆ ಮಡಿಸಿ ಕೂರಿಸುತ್ತಿದ್ದಾಗ ಹಿಂದೆ ನಿಂತಿದ್ದ ಶಿಷ್ಯ ಕೆಮ್ಮಿದ. ಗಂಡನ ಒಂದು ಕಾಲದ ಶಿಷ್ಯ. ಈಗ ಮೇಷ್ಟ್ರ ವಿಭಾಗಕ್ಕೆ ಅವನೇ ಮುಖ್ಯಸ್ಥ, ತಲೆಯೂ ಅರ್ಧ ಬೋಳು.

“ಅಮ್ಮ, ಕೇಳಬಾರದ ಹೊತ್ತಲ್ಲಿ ಕೇಳ್ತಿದ್ದೀನಿ. ಮೇಷ್ಟ್ರು ಆಸ್ಪತ್ರೆ ಸೇರೋ ಮುಂಚೆ ಶುರು ಮಾಡಿದ ಲೆಕ್ಕ ಕಂಪ್ಯೂಟರಲ್ಲಿ ಇನ್ನೂ ಓಡ್ತಿದೆ. ಬೇರೆಯವರು ತಮ್ಮ ಸರದಿಗೆ ಕಾಯ್ತಿದ್ದಾರೆ. ನಿಲ್ಲಿಸಿಬಿಡ್ಲಾ?”

ಆಕೆಯ ಕೈ ಕಾಲರಿನ ಮೇಲೇ ನಿಂತಿತು. ನಿನ್ನೆ ಡಾಕ್ಟರೂ ಹೀಗೇ ಕೇಳಿದ್ದರು, ಉಸಿರಾಟದ ಯಂತ್ರದ ಪಕ್ಕ ನಿಂತು, ಇಷ್ಟೇ ಮೆತ್ತಗೆ. ಆಗ ಆಕೆಯೇ ಹೂಂ ಅಂದಿದ್ದಳು.

“ಹೆಣ ಮುಂದಿಟ್ಕೊಂಡು ಕಂಪ್ಯೂಟರ್ ಮಾತಾ?” ನಾದಿನಿ ಸಿಡುಕಿದಳು. “ಅಣ್ಣ ಜೀವಮಾನವೆಲ್ಲ ಕಣ್ಣಿಗೆ ಕಾಣದ ಪರಮಾಣು ಹಿಡ್ಕೊಂಡು ಕೂತ. ಹೂಂ ಅಂದ್ಬಿಡಿ ಅತ್ತಿಗೆ, ಸಾಕು.”

“ಇನ್ನೆಷ್ಟು ಹೊತ್ತು ಬೇಕಂತೆ?” ಆಕೆ ಶಿಷ್ಯನನ್ನು ಕೇಳಿದಳು.

“ಸಂಜೆ ದಾಟಬಹುದು. ಮೇಷ್ಟ್ರ ಹಟ ಗೊತ್ತಲ್ಲ. ಪರಮಾಣುವಿನೊಳಗಿನ ನ್ಯೂಕ್ಲಿಯಸ್ಸು ಬಿಸಿಯಾದಾಗ ಒಂದೇ ಆಕಾರದಲ್ಲಿ ನಿಲ್ಲೋದಿಲ್ಲ, ಎಲ್ಲ ಆಕಾರಾನೂ ಲೆಕ್ಕಕ್ಕೆ ತಗೋಬೇಕು ಅಂತಿದ್ರು.”

ಗೊತ್ತಿಲ್ಲದೆ ಏನು! ಆಕೆ ಮದುವೆಯಾಗಿದ್ದೇ ಆ ಹಟವನ್ನು.

* * *

ಆಗ ಆಕೆ ಅದೇ ವಿಭಾಗದಲ್ಲಿ ನಕ್ಷೆ ಬರೆಯುವವಳು. ಜೇಬಿನ ತುಂಬ ಶಾಯಿ ಕಲೆ ಮಾಡಿಕೊಂಡ ಹುಡುಗನೊಬ್ಬ ಚುಕ್ಕೆ ಗುರುತಿಸಿದ ಹಾಳೆ ತಂದಿಟ್ಟ. ಆಕೆ ಚುಕ್ಕೆಗಳ ಮೇಲೆ ಗುಡ್ಡದ ಹಾಗೆ ಏರಿ ಇಳಿಯುವ ಅಂದವಾದ ಒಂದು ಗೆರೆ ಎಳೆದುಕೊಟ್ಟಳು.

“ಗುಡ್ಡ ಎರಡಿವೆ. ನೀವು ಒಂದು ಮಾಡಿಬಿಟ್ರಿ.”

“ನನ್ನ ಕಣ್ಣಿಗೆ ಕಾಣೋದು ಒಂದೇ.”

“ಒಂದೇ ಗುಡ್ಡ ಅಂದ್ರೆ ನ್ಯೂಕ್ಲಿಯಸ್ಸು ಉಂಡೆ ಅಂತ. ಇದು ಕಾದು ಗಿರಗಿರ ತಿರುಗ್ತಾ ಮೊಟ್ಟೆ ಥರ ಉದ್ದ ಆಗಿದೆ. ಒಳಗಿನ ಕಣಗಳೆಲ್ಲ ಒಟ್ಟಾಗಿ ಉದ್ದಕ್ಕೆ ತೂಗಾಡೋದು ನಿಧಾನ, ಅಡ್ಡಕ್ಕೆ ಬೇಗ. ಅದಕ್ಕೇ ಗುಡ್ಡ ಎರಡು.”

“ನೀವು ಕಂಡಿದ್ದೀರಾ?”

“ಯಾರೂ ಕಂಡಿಲ್ಲ. ನಡುಕ ನೋಡಿ ಆಕಾರ ಹೇಳೋದೇ ನಮ್ಮ ಕೆಲಸ.”

“ಹಾಗಾದ್ರೆ ಇನ್ನಷ್ಟು ಚುಕ್ಕೆ ತನ್ನಿ.”

ತಂದ. ಮರುವಾರವೂ ತಂದ. ಚುಕ್ಕೆಗಳು ಮುಗಿದರೂ ಅವನು ಬರುವುದು ಮುಗಿಯಲಿಲ್ಲ. ವಿಭಾಗದವರೆಲ್ಲ ಮುಸಿಮುಸಿ ನಕ್ಕರು. ಎಷ್ಟು ಚೆನ್ನಾಗಿದ್ದವು ಆ ದಿನಗಳು!

* * *

“ಏನು ಮಾಡ್ಲಿ ಅಮ್ಮ?” ಶಿಷ್ಯ ಮತ್ತೆ ಕೇಳಿದ. ಹೊರಗೆ ಗಾಡಿ ಬಂದು ನಿಂತಿತ್ತು.

“ಆಸ್ಪತ್ರೇಲಿ ಒಂದ್ಸಲ ನಿಲ್ಲಿಸಿ ಅಂದಾಯ್ತಪ್ಪ. ಇನ್ನೊಂದ್ಸಲ ನನ್ನ ಬಾಯಲ್ಲಿ ಬರಲ್ಲ.”

ಶಿಷ್ಯ ತಲೆ ತಗ್ಗಿಸಿದ. ಇಷ್ಟು ಹೊತ್ತು ಸಿಡುಕುತ್ತಿದ್ದ ನಾದಿನಿ ಅತ್ತಿಗೆಯ ಭುಜಕ್ಕೊರಗಿ ಬಿಕ್ಕಿ ಬಿಕ್ಕಿ ಅತ್ತಳು.

ಚಿತಾಗಾರದಿಂದ ಹಿಂದಿರುಗುವಾಗ ಆಕೆ ಕಾರನ್ನು ವಿಭಾಗದ ಕಡೆ ತಿರುಗಿಸಲು ಹೇಳಿದಳು. ಕಂಪ್ಯೂಟರ್ ಕೋಣೆಯಲ್ಲಿ ಫ್ಯಾನುಗಳು ಗುಂಯ್ಗುಡುತ್ತಿದ್ದವು. ಪರದೆಯ ಮೇಲೆ ಅಂಕಿಗಳು ಒಂದರ ಕೆಳಗೊಂದು ಬಂದು ಕೂರುತ್ತಿದ್ದವು. ಆಕೆ ಗಂಡನ ಕುರ್ಚಿ ಎಳೆದುಕೊಂಡು, ಸೆರಗು ಹೊದ್ದು ಕೂತಳು.

ಸ್ವಲ್ಪ ಹೊತ್ತಿಗೆ ಸಂಶೋಧಕಿಯೊಬ್ಬಳು ಬಾಗಿಲು ತಳ್ಳಿದಳು. “ಕಂಪ್ಯೂಟರ್ ಖಾಲಿ ಆಯ್ತಾ?”

ಆಕೆ ತುಟಿಯ ಮೇಲೆ ಬೆರಳಿಟ್ಟಳು.

“ಸ್ವಲ್ಪ ಇರಮ್ಮ. ಇವರದಿನ್ನೂ ಮುಗಿದಿಲ್ಲ.”