ಪಿಸುಮಾತು ಬಾರದ ದುಂಡಮ್ಮ

ದುಂಡಮ್ಮನಿಗೆ ಪಿಸುಮಾತು ಬರುತ್ತಿರಲಿಲ್ಲ. ಅಲಂಕಾರಕ್ಕಾಗಿ ಆಡಿದ ಮಾತಲ್ಲ ಇದು. ಕೆಲವರಿಗೆ ಸಂಗೀತದ ಕಿವಿ ಕೊಡದೆ ಕಳಿಸುವ ದೇವರು ಈಕೆಗೆ ತಗ್ಗುದನಿ ಕೊಡುವುದನ್ನು ಮರೆತಿದ್ದ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಎದುರಿನವರ ಕಿವಿಯ ಹತ್ತಿರ ಬಾಗಿ, ಬಹು ಜಾಗರೂಕತೆಯಿಂದ ಆಕೆ ಹೇಳಿದ ಗುಟ್ಟು ಕೂಡ ಎದುರು ಸಾಲಿನ ಅಂಗಡಿಗೆ ಅಕ್ಷರ ಬಿಡದೆ ಕೇಳುತ್ತಿತ್ತು. ಡಂಗುರದವನಿಗೆ ರಜೆ ಕೊಡಬೇಕಾದರೆ ದುಂಡಮ್ಮನಿಗೆ ಗುಟ್ಟು ಹೇಳಿದರೆ ಸಾಕೆಂದು ಕಲಬುರಗಿಯ ಹಣ್ಣಿನ ಮಂಡಿಯವರು ನಗುತ್ತಿದ್ದರು.

ನಾನು ಆಕೆಯನ್ನು ಕಂಡದ್ದು ಐವತ್ತನಾಲ್ಕರಲ್ಲಿ. ಹೈದರಾಬಾದ್ ರಾಜ್ಯ ಇನ್ನೂ ಇತ್ತು. ಇನ್ನೆಷ್ಟು ದಿನ ಇದ್ದೀತು ಎಂಬುದು ಊರಿನ ಎಲ್ಲ ಕಟ್ಟೆಗಳ ಮೇಲಿನ ಚರ್ಚೆಯಾಗಿತ್ತು. ನಮ್ಮ ಊರಿನಿಂದ ಹೊರಡುತ್ತಿದ್ದ ಒಂದು ಸಣ್ಣ ಮಾಸಪತ್ರಿಕೆಯ ಸಂಪಾದಕರು, ಶಾಲೆಯ ಪಾಠ ಮುಗಿದ ಮೇಲೆ ನನಗೆ ಬೇರೆ ಕೆಲಸವಿಲ್ಲವೆಂದು ತಾವೇ ತೀರ್ಮಾನಿಸಿ, ವ್ಯಾಪಾರದಲ್ಲಿ ಮುಂದೆ ಬಂದವರನ್ನು ಮಾತನಾಡಿಸಿ ತರುಣರಿಗೆ ಮಾರ್ಗದರ್ಶಕವಾಗುವಂತೆ ಬರೆದುಕೊಡಿ ಎಂದು ನನ್ನನ್ನು ಅಟ್ಟಿದ್ದರು. ಬೇಳೆ ಗಿರಣಿಯ ಮಾಲೀಕರೊಬ್ಬರು ಲೋಡಿಗೆ ಒರಗಿ, ಬಾದಾಮಿ ಅಗಿಯುತ್ತ, ಪರಿಶ್ರಮವೇ ಯಶಸ್ಸಿನ ತಾಯಿ ಎಂದರು. ಎಣ್ಣೆ ಗಿರಣಿಯವರು ಪ್ರಾಮಾಣಿಕತೆಯನ್ನು ಕುರಿತು ಇಡೀ ಸಂಜೆ ಮಾತನಾಡಿದರು. ನಡುನಡುವೆ, ಎಣ್ಣೆಯ ಡಬ್ಬಿ ಹಿಡಿದು ಗೊಣಗುತ್ತ ಬಂದ ಗಿರಾಕಿಗಳನ್ನು ಹೊರಗಿನಿಂದಲೇ ಸಾಗಹಾಕುವಂತೆ ಗುಮಾಸ್ತನಿಗೆ ಕಣ್ಸನ್ನೆ ಮಾಡುತ್ತಿದ್ದರು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂಥ ವಾಕ್ಯಗಳು ನನ್ನಲ್ಲಿ ರಾಶಿಬಿದ್ದಿದ್ದವು. ಆಗ ಯಾರೋ, ಕಮಲಾಪುರದ ಕೆಂಪು ಬಾಳೆಯ ದುಂಡಮ್ಮನನ್ನು ಬಿಟ್ಟು ಮಂಡಿಯ ಮಾತು ಬರೆಯುತ್ತೀರಾ ಎಂದು ಕೆಣಕಿದರು.

ಹೋದೆ. ಇಳಕಲ್ ಸೀರೆಯ ಮೇಲೆ ಗಂಡಸಿನ ಕರಿಯ ಕೋಟು ತೊಟ್ಟು, ತೋಳುಗಳನ್ನು ಮಡಚಿ ಮೇಲೇರಿಸಿದ್ದ, ಐವತ್ತರ ಆಚೀಚಿನ ಹೆಂಗಸು ಗೊನೆಗಳ ನಡುವೆ ಸುಳಿದಾಡುತ್ತಿದ್ದಳು. ಕೋಟು ತೀರಿಹೋದ ಗಂಡ ನಾಗಣ್ಣನದು. ಕಲಬುರಗಿಯ ವೈಶಾಖದ ಬಿಸಿಲಲ್ಲಿ ಕಾಗೆಗಳೂ ನೆರಳು ಹುಡುಕುವ ಹೊತ್ತಿನಲ್ಲಿ ಸಹ ಅದು ಮೈಮೇಲಿಂದ ಇಳಿಯುತ್ತಿರಲಿಲ್ಲ. ಒಂದು ಕಿಸೆಯಲ್ಲಿ ಗೊನೆ ಕೊಯ್ಯುವ ಬಾಗಿದ ಚೂರಿ, ಇನ್ನೊಂದರಲ್ಲಿ ಎಲೆ, ಅಡಿಕೆ, ತಂಬಾಕು. ನಡೆಯುವಾಗ ಎಡಭುಜ ಮುಂದೆ; ಖಾಲಿ ಬಯಲಿನಲ್ಲಿಯೂ ಜಾತ್ರೆಯ ಜನವನ್ನು ಸೀಳಿಕೊಂಡು ಹೋಗುವವಳ ನಡಿಗೆ. ಮಾತಿನ ಚಾಳಿಯೊಂದಿತ್ತು: ಎದುರಿನವರ ವಾಕ್ಯ ಮುಗಿಯುವ ಮೊದಲೇ, ‘ಮುಂದಿಂದು ಹೇಳ್ರಿ’ ಎನ್ನುವುದು. ನಾನು ನನ್ನ ಸಿದ್ಧಪ್ರಶ್ನೆಯನ್ನು ಹೊರತೆಗೆದೆ. ಹತ್ತು ಜನರ ನಡುವೆ ಎದ್ದು ಕಾಣುವುದು ಹೇಗೆ?

“ಉದ್ದ ಇರಬೇಕ್ರಿ ಮಾಸ್ತರ. ಇಲ್ಲಾ, ಕರಿ ಕೋಟ ಹಾಕ್ಕೋಬೇಕು. ಮುಂದಿಂದು ಹೇಳ್ರಿ.”

ನನ್ನ ಮುಂದಿನ ಪ್ರಶ್ನೆ ನಾಯಕತ್ವದ ಕುರಿತಾಗಿತ್ತು. ಅದನ್ನು ಕೇಳುವ ಧೈರ್ಯ ಅಂದು ಆಗಲಿಲ್ಲ.

ಆಕೆಯ ಹೆಸರು ಮಂಡಿಯಲ್ಲಿ ಹೇಗೆ ನಿಂತಿತೆಂಬುದನ್ನು ತಿಳಿಯಬೇಕಾದರೆ ಅಲ್ಲಿನ ಒಂದು ರೂಢಿ ತಿಳಿದಿರಬೇಕು. ಆಗ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ದಲಾಲಿ ತನ್ನ ಕೈಮೇಲೆ ರುಮಾಲು ಹೊದಿಸಿ ಚಾಚುವನು. ಕೊಳ್ಳುವವನು ಬಟ್ಟೆಯೊಳಗೆ ಕೈ ತೂರಿ ಬೆರಳುಗಳನ್ನು ಹಿಡಿಯುವನು. ಇಷ್ಟು ಬೆರಳಿಗೆ ಇಷ್ಟು ದರ. ಇಬ್ಬರ ಮುಖಗಳೂ ಶಿವಧ್ಯಾನದಲ್ಲಿರುವವು. ಪಕ್ಕದಲ್ಲೇ ನಿಂತ ಬೆಳೆಗಾರನಿಗೆ ತನ್ನ ಮಾಲು ಯಾವ ದರಕ್ಕೆ ಹೋಯಿತೆಂಬುದು ಕೊನೆಗೆ ದಲಾಲಿ ಹೇಳಿದಷ್ಟೇ ಗೊತ್ತು. ನಾಗಣ್ಣ ತೀರಿದ ಮೇಲೆ ಕಮಲಾಪುರದ ತೋಟವೂ ಮಂಡಿಯ ಕಟ್ಟೆಯೂ ದುಂಡಮ್ಮನ ಪಾಲಿಗೆ ಬಂದಾಗ ಎದ್ದ ಪ್ರಶ್ನೆ ಇದು: ವಿಧವೆ ಹೆಂಗಸು ಪರಗಂಡಸರ ಕೈಯನ್ನು ಬಟ್ಟೆಯೊಳಗೆ ಹೇಗೆ ಹಿಡಿದಾಳು? ಮೈದುನನನ್ನು ಕೂಡಿಸು ಎಂದರು ಹಿರಿಯರು. ಕೂಡಿಸಿದಳು. ಒಂದು ಹಂಗಾಮು ಆತ ರುಮಾಲಿನೊಳಗೆ ಏನು ಹಿಡಿದನೋ ಏನು ಬಿಟ್ಟನೋ, ಮಾಲಕಿಯಾದ ತನಗೇ ತಿಳಿಯದೆ ಹೋದಾಗ ಆಕೆ ಒಂದು ಬೆಳಗ್ಗೆ ಆ ರುಮಾಲನ್ನು ಎಳೆದು ಹೆಗಲಿಗೆ ಹಾಕಿಕೊಂಡು, ಗೊನೆಯ ದರವನ್ನು ಇಡೀ ಮಂಡಿಗೆ ಕೇಳುವಂತೆ ಕೂಗಿದಳು. ನಕ್ಕರು. ಹೆಣ್ಣು ಕೂಗಿದರೆ ಮಾಲು ಕೊಳೆಯುತ್ತದೆ ಎಂದರು. ಆದರೆ ಕೂಗಿದ ದರದಲ್ಲಿ ಮೋಸ ಅಡಗಿಸಲು ಜಾಗವಿಲ್ಲವೆಂಬುದು ಕೊಳ್ಳುವವರಿಗೆ ಬೇಗ ಹೊಳೆಯಿತು. ಆ ಕೆಂಪು ಬಾಳೆಯ ಬಣ್ಣಕ್ಕಿಂತ ಆಕೆಯ ಕೂಗಿಗೇ ಗಿರಾಕಿ ಹೆಚ್ಚಾದರು.

ಇಷ್ಟನ್ನು ಬರೆದು ನಿಲ್ಲಿಸಿದ್ದರೆ ಸಂಪಾದಕರು ಸಂತುಷ್ಟರಾಗುತ್ತಿದ್ದರು. ಆದರೆ ಮತ್ತೊಂದು ಭಾನುವಾರ ತೋಟ ನೋಡಲು ಬನ್ನಿರೆಂದು ಆಕೆ ಕರೆದಳು. ನಾನು ಕಮಲಾಪುರಕ್ಕೆ ಹೋದೆ. ಬಾವಿಯ ಕಟ್ಟೆಯ ಮೇಲೆ ಕುಳಿತು, ಎಲೆಗೆ ಸುಣ್ಣ ಸವರುತ್ತ, ಆಕೆ ನಾನು ಕೇಳದ ಕತೆಯೊಂದನ್ನು ತಾನಾಗಿ ತೆಗೆದಳು. ತೋಟದಾಚೆ ರಸ್ತೆಯಲ್ಲಿ ಹೋಗುವವರೂ ಅದನ್ನು ಕೇಳಿಸಿಕೊಂಡಿರಬೇಕು.

ಕಾಯಿ ಇಲ್ಲಿ ಬೆಳೆದರೆ, ಅದು ಹಣ್ಣಾಗುತ್ತಿದ್ದುದು ಕಲಬುರಗಿಯಲ್ಲಿ, ಮೈಬೂಬ ಎಂಬಾತನ ಹೊಗೆಕೋಣೆಯಲ್ಲಿ. ಗೊನೆಗಳನ್ನು ಒಟ್ಟಿ, ಬಾಗಿಲಿಗೆ ಮಣ್ಣು ಮೆತ್ತಿ, ಹದವಾಗಿ ಹೊಗೆ ಕೊಟ್ಟು ಮಾಗಿಸುವ ಆ ಕೋಣೆ ದುಂಡಮ್ಮನ ವ್ಯಾಪಾರದ ಇನ್ನರ್ಧ. ಮೈಬೂಬನೂ ಅವನ ಹೆಂಡತಿ ಮಸ್ತಾನಬಿಯೂ ಆಕೆಗೆ ಪಾಲುದಾರರು. ರಜಾಕಾರರ ಹಾವಳಿಯ ವರ್ಷ ದುಂಡಮ್ಮನ ಬಂಡಿಗಳ ಮುಂದೆ ಮೈಬೂಬ ತಾನೇ ಕುಳಿತು ಕಮಲಾಪುರದಿಂದ ಕಲಬುರಗಿಯವರೆಗೆ ಹಾದಿ ಕಾಯ್ದಿದ್ದ. ಮರುವರ್ಷ, ನಲವತ್ತೆಂಟರ ಸೆಪ್ಟೆಂಬರಿನಲ್ಲಿ, ಭಾರತದ ಸೈನ್ಯ ಬಂತು. ಭಯ ಹಿಂದೂಗಳ ಓಣಿಯಿಂದ ಎದ್ದು ಮುಸಲ್ಮಾನರ ಓಣಿಗೆ ಹೋಗಿ ಕುಳಿತಿತು. ಬೀದರದ ಕಡೆ ಅಣ್ಣನನ್ನು ನೋಡಿಬರುತ್ತೇನೆಂದು ಹೋದ ಮೈಬೂಬ ತಿರುಗಿ ಬರಲಿಲ್ಲ. ಏನಾದನೆಂದು ಇಂದಿಗೂ ಯಾರೂ ಹೇಳಿಲ್ಲ. ಮಸ್ತಾನಬಿ ಹೈದರಾಬಾದಿಗೆ ಹೊರಟುಹೋದಳೆಂದು ಸುದ್ದಿ ಹಬ್ಬಿತು. ಹಬ್ಬಿಸಿದ್ದು ಅವಳ ಬಂಧುಗಳೇ. ಹೊರಗೆ ಬೀಗ ಹಾಕಿದ ಆ ಮನೆಯಲ್ಲಿ, ಹೊಗೆಕೋಣೆಯ ಹಿಂದಿನ ಸಣ್ಣ ಕೋಣೆಯಲ್ಲಿ, ದಿನಗಳು ತಣ್ಣಗಾಗುವವರೆಗೆ ಅವಳು ಅಡಗಿ ಕುಳಿತಿದ್ದಳು. ಆ ಬಂಧುಗಳನ್ನು ಬಿಟ್ಟರೆ, ಹಿತ್ತಲ ಬಾಗಿಲಿಂದ ರೊಟ್ಟಿ ಒಯ್ಯುತ್ತಿದ್ದ ದುಂಡಮ್ಮನಿಗೆ ಮಾತ್ರ ಅದು ಗೊತ್ತಿತ್ತು. ಪಿಸುಮಾತು ಬಾರದ ಹೆಂಗಸು ಈ ಒಂದು ಗುಟ್ಟನ್ನು ಬಾಯಿಯನ್ನೇ ತೆರೆಯದೆ ಕಾಯ್ದಿದ್ದಳು.

ಮಂಡಿಯ ದೊಡ್ಡ ದಲಾಲಿ ಕಾಶಿರಾಯನಿಗೆ ಆ ಜಾಗದ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಒಂದು ಮುಂಜಾನೆ, ಮಂಡಿ ತುಂಬಿದ್ದ ಹೊತ್ತಿನಲ್ಲಿ, ಆತ ದುಂಡಮ್ಮನ ಕಟ್ಟೆಗೆ ಬಂದು ಕುಳಿತ. ರುಮಾಲು ಹೊದಿಸಿದ ಕೈಯನ್ನು ಆಕೆಯ ಮುಂದೆ ಚಾಚಿದ.

“ದುಂಡಮ್ಮ, ಆ ಹೊಗೆಕೋಣಿ ಖಾಲಿ ಬಿದ್ದದ. ಕೀಲಿ ಒಡಿಯೋದು ನಂಗ ಬಿಡ್ರಿ. ಒಳಗಿನ ಕೋಣಿ ನಿಮಗ, ಮುಂದಿನ ಅಂಗಡಿ ನಂಗ. ಬಾಯಿಲೆ ಏನೂ ಅನಬ್ಯಾಡ್ರಿ. ಬೆರಳು ಮುಟ್ಟಿದ್ರ ಸಾಕು.”

ರುಮಾಲು ಕಂಡದ್ದೇ ತಡ, ಆಕೆಯ ಪಿತ್ತ ನೆತ್ತಿಗೇರಿತು. ಹಿರಿಯನೆಂಬ ಮರ್ಯಾದೆಯೂ ಉಳಿಯಲಿಲ್ಲ.

“ಖಾಲಿ ಅದ ಅಂತ ನಿನಗ್ಯಾರು ಹೇಳ್ಯಾರೋ ಕಾಶಿರಾಯ? ಮಸ್ತಾನಬಿ ಒಳಗ ಅದಾಳ! ಬದುಕಿರೋ ಹೆಣಮಗಳ ಮನಿ ಹಂಚ್ಕೊಳ್ಳಾಕ ಬಂದೀಯೇನು?”

ಮಂಡಿಯವರೆಲ್ಲ ಇತ್ತ ತಿರುಗಿದರು. ತಾನು ಮಾಡಿದ್ದೇನೆಂದು ಆಕೆಗೆ ತಿಳಿದದ್ದು ಆಗ. ಕಾಶಿರಾಯನ ದುರಾಸೆಯನ್ನು ಬಯಲಿಗೆಳೆದ ಬಾಯಿಯೇ ಮಸ್ತಾನಬಿಯ ಜೀವವನ್ನೂ ಬೀದಿಗೆ ತಂದಿಟ್ಟಿತ್ತು. ಬಾವಿಯ ಕಟ್ಟೆಯ ಮೇಲೆ ಇದನ್ನು ಹೇಳುವಾಗ ಆಕೆಯ ಕೈಯಲ್ಲಿದ್ದ ಎಲೆ ಮಡಚದೆ ಹಾಗೇ ಉಳಿಯಿತು.

“ನೋಡ್ರಿ ಮಾಸ್ತರ, ನನ್ನ ಬಾಯಿಗಿಷ್ಟು ಬೆಂಕಿ ಹಾಕಲಿ ಅಂದೆ. ಆಡಿದ ಮಾತು ತಿರುಗಿ ನುಂಗಾಕ ಬರ್ತದೇನ್ರಿ?”

ಕಟ್ಟೆಯನ್ನು ಹಾಗೇ ಬಿಟ್ಟು, ಎಡಭುಜ ಮುಂದೆ ಮಾಡಿಕೊಂಡು, ನೇರ ಆ ಮನೆಗೆ ನಡೆದು ಹೊಸ್ತಿಲ ಮೇಲೆ ಕುಳಿತಳು. ಮಧ್ಯಾಹ್ನಕ್ಕೆ ಜನ ಬಂದರು. ಕೆಲವರ ಕೈಯಲ್ಲಿ ಬಡಿಗೆಗಳಿದ್ದವು. ಆಕೆ ಎದ್ದು ನಿಲ್ಲಲಿಲ್ಲ, ಕೈಮುಗಿಯಲೂ ಇಲ್ಲ. ಬಂದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗತೊಡಗಿದಳು.

“ಮಾಪಣ್ಣ, ನೀನೂ ಬಂದೀಯೇನು? ನಿನ್ನ ಮಗಳ ಉಡಿ ತುಂಬಾಕ ಹಣ್ಣು ಬಂದಿದ್ದು ಇದೇ ಮನೀಲಿಂದ. ಹಿಂದ ನಿಂತಾಂವ ಪೀರಪ್ಪನ ಮಗ ಅಲ್ಲೇನು? ಮುಂದ ಬಾ, ಮುಖ ಕಾಣಲಿ!”

ಗುಂಪಿನಲ್ಲಿ ಬಂದವನಿಗೆ ತನ್ನ ಹೆಸರು ಓಣಿಯ ತುಂಬ ಕೇಳಿಸುವುದು ರುಚಿಸುವುದಿಲ್ಲ. ಒಬ್ಬ ಬಡಿಗೆಯನ್ನು ಬೆನ್ನ ಹಿಂದೆ ಹಿಡಿದ. ಇನ್ನೊಬ್ಬನಿಗೆ ಎಲ್ಲಿಗೋ ಹೋಗುವುದು ನೆನಪಾಯಿತು. ಹೆಸರು ಕೂಗಿಸಿಕೊಳ್ಳುವ ಸರದಿ ಬರುವ ಮೊದಲೇ ಉಳಿದವರೂ ಕರಗಿದರು.

ಆದರೆ ಮಂಡಿ ಆಕೆಯನ್ನು ಸುಮ್ಮನೆ ಬಿಡಲಿಲ್ಲ. ದುಂಡಮ್ಮನ ಮಾಲು ಮುಟ್ಟಬೇಡಿರೆಂದು ಕಾಶಿರಾಯ ಎಲ್ಲರಿಗೂ ಹೇಳಿಕಳಿಸಿದ. ಆಕೆಯೂ ಹಟಮಾರಿ, ಕಮಲಾಪುರದ ಬಂಡಿಗಳನ್ನು ಮಂಡಿಗೆ ಬಿಡದೆ ಅದೇ ಬಾಗಿಲಿಗೆ ತರಿಸಿ, ಅದೇ ಹೊಸ್ತಿಲ ಮೇಲೆ ಕುಳಿತು ದರ ಕೂಗಿದಳು. ಯಾರೂ ಬರಲಿಲ್ಲ. ಮಾಗಿದ ಹಣ್ಣು ಕಾಯುವುದಿಲ್ಲ. ಸಿಪ್ಪೆ ಕಪ್ಪಿಟ್ಟು, ಒಳಗೆ ನೀರೊಡೆದು, ಒಂದು ಇಡೀ ಫಸಲು ದನಗಳ ಪಾಲಾಯಿತು. ಮುಂದಿನ ಸಲ ಹೊಗೆ ಕೊಟ್ಟು ಮಾಗಿಸಿದ ಹಣ್ಣಿಗೆ ಬಂದವರು ಬುಟ್ಟಿ ಹೊತ್ತು ಮಾರುವ ಹೆಂಗಸರು. ತಾಜಸುಲ್ತಾನಪುರದ ಗುಂಡಮ್ಮ ಮೊದಲಿನವಳು. ರುಮಾಲಿನೊಳಗೆ ಕೈಯಿಡಲು ಅವರಿಗೂ ಎಂದೂ ಅವಕಾಶ ಇದ್ದಿರಲಿಲ್ಲ. ಮಂಡಿಯಲ್ಲಿ ಉಳಿದದ್ದು ಬಳಿದದ್ದು ಕೊಂಡು ಬದುಕಿದವರು. ಅವರು ಬಂದ ಮೇಲೆ ಕೋಟನೂರಿನ ಕಡೆಯವರೂ ಬಂದರು. ಮರುವರ್ಷದ ಹೊತ್ತಿಗೆ ದಲಾಲಿಗಳಲ್ಲಿ ಕೆಲವರು, ದಾರಿ ತಪ್ಪಿ ಬಂದವರ ಹಾಗೆ, ಆ ಓಣಿಯಲ್ಲಿ ಸುಳಿಯತೊಡಗಿದರು.

ನನ್ನ ಪೆನ್ನು ಓಡುತ್ತಿತ್ತು. ಇದಲ್ಲವೇ ಧೈರ್ಯ, ಇದಲ್ಲವೇ ನಾಯಕತ್ವ ಎಂದು ಉಬ್ಬಿಹೋಗಿದ್ದೆ. ತರುಣರಿಗೆ ನಿಮ್ಮ ಸಂದೇಶವೇನು ಎಂಬ ಪ್ರಶ್ನೆಯೂ ಬಾಯಿಗೆ ಬಂದಿತ್ತು. ಆಕೆ ಎಲೆಯನ್ನು ಬಾಯಿಗಿಟ್ಟುಕೊಂಡು ನನ್ನನ್ನು ತಡೆದಳು.

“ನನ್ನ ಕೇಳಿದ್ರ ನಾ ಶೂರಳೇ ಆಗ್ತೀನ್ರಿ. ಆಕಿನ್ನ ಕೇಳ್ರಿ.”

ಕೇಳಿದೆ. ಕಲಬುರಗಿಯ ಆ ಓಣಿಯಲ್ಲಿ, ಹೊಗೆಕೋಣೆಯ ಮಣ್ಣು ಮೆತ್ತಿದ ಬಾಗಿಲ ಪಕ್ಕದಲ್ಲಿ, ಮಸ್ತಾನಬಿ ಒಣಹುಲ್ಲು ಹರಡುತ್ತಿದ್ದಳು. ತೆಳ್ಳಗಿನ, ಸಣ್ಣ ದನಿಯ ಹೆಂಗಸು. ನನ್ನ ಪೆನ್ನಿನ ಕಡೆ ಒಮ್ಮೆ ನೋಡಿ, ಕೆಲಸ ನಿಲ್ಲಿಸದೆ ಹೇಳಿದಳು.

“ಆಕಿ ಹೊಸ್ತಿಲದಾಗ ಕೂತಿದ್ದು ಊರೆಲ್ಲಾ ನೋಡ್ಯಾದ್ರಿ. ಒಳಗ ನಾ ಹ್ಯಾಂಗ ಕೂತಿದ್ದೆ ಯಾರು ನೋಡ್ಯಾರ? ಹೊರಗ ಒಂದೊಂದು ಹೆಸರು ಕೂಗಿದಂಗ, ಇಷ್ಟು ಮಂದಿ ಬಂದಾರಲ್ಲಾ ಅಂತ ನಾ ಲೆಕ್ಕ ಹಿಡಿಯಾಕತ್ತಿದ್ದೆ. ಹಿತ್ತಲ ಬಾಗಿಲದಾಗೂ ಯಾರರೆ ನಿಂತಿರಬೇಕು ಅಂತ ಉಸರು ಬಿಡಲಿಲ್ಲ. ದುಂಡಕ್ಕ ನನ್ನ ಉಳಿಸ್ಯಾಳ, ಖರೇ. ಆಕಿ ಉಪಕಾರ ಸಾಯೋತನಕ ಮರಿಯಂಗಿಲ್ಲ. ಆದ್ರ ಜೀವ ನಂದಿತ್ತು, ಬಾಯಿ ಆಕಿದಿತ್ತು. ಕೂಗೂಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು.”

ಈ ಮಾತನ್ನು ದುಂಡಮ್ಮನಿಗೂ ಹೇಳಿದ್ದೀಯಾ ಎಂದೆ. ಅಂದೇ ಹೇಳಿದ್ದಳಂತೆ, ಆ ಜನ ಕರಗಿದ ಸಂಜೆಯೇ, ಬಾಗಿಲು ತೆರೆದ ಕೂಡಲೇ. ದುಂಡಮ್ಮ ತಲೆ ತಗ್ಗಿಸಿ ಪೂರ್ತಿ ಕೇಳಿ, ಮರುದಿನವೂ ಹೊಸ್ತಿಲ ಮೇಲೆ ಬಂದು ಕುಳಿತಳಂತೆ. ಕೇಳುತ್ತಿದ್ದ ನನಗೆ ದುಂಡಮ್ಮನ ಮೇಲಿನ ಪ್ರೀತಿ ಹೆಚ್ಚಾಯಿತು. ನನ್ನ ಪ್ರಶ್ನೆಗಳ ಮೇಲಿನ ಗೌರವ ಹೊರಟುಹೋಯಿತು.

ಸಂಪಾದಕರು ಹೊಸ್ತಿಲಿನ ಪ್ರಸಂಗವನ್ನು ಇಟ್ಟುಕೊಂಡು ಮಸ್ತಾನಬಿಯ ಮಾತನ್ನು ತೆಗೆದುಹಾಕಿದರು. ಅದರಿಂದ ಲೇಖನದ ಸ್ಫೂರ್ತಿ ಕುಂದುತ್ತದೆಂದು ಅವರ ಅಭಿಪ್ರಾಯ. ಮುಂದೆ ನಡೆದವರನ್ನು ಕುರಿತು ನಾವು ಬರೆಯುವುದೆಲ್ಲ ಬಹುತೇಕ ಹೀಗೆಯೇ. ಲೋಕದಲ್ಲಿ ದನಿಯೆತ್ತುವವರು ಬೇಕು, ಅವರಿಲ್ಲದೆ ಯಾವ ರುಮಾಲೂ ಸರಿಯುವುದಿಲ್ಲ. ಆದರೆ ಅವರು ದನಿಯೆತ್ತಿದಾಗಲೆಲ್ಲ ಅದರ ಬೆಲೆ ತೆರಬೇಕಾದವರು ಒಬ್ಬರು ಎಲ್ಲೋ ಒಳಗೆ, ಕತ್ತಲಲ್ಲಿ, ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ಶೂರರು ಸಾಮಾನ್ಯವಾಗಿ ಅತ್ತ ತಿರುಗಿ ನೋಡುವುದಿಲ್ಲ. ಜಯಕಾರ ಬರುವುದು ಬೀದಿಯ ಕಡೆಯಿಂದ. ದುಂಡಮ್ಮನಂಥವರು ವಿರಳ: ಅವರು ಬಾಗಿಲು ತೆರೆದು, ಒಳಗಿನವರ ಮುಂದೆ ನಿಂತು, ಬೈಸಿಕೊಳ್ಳುತ್ತಾರೆ.