ಗೊಲ್ಲಾಳಪ್ಪ ಗರಗಸ ನಿಲ್ಲಿಸಿದ್ದು

ಮೇ ತಿಂಗಳ ಹೈದರಾಬಾದಿನಲ್ಲಿ ಉಣ್ಣೆಯ ಟೊಪ್ಪಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಎರಡೆರಡು ಜೊತೆ ಕಾಲುಚೀಲ ಏರಿಸಿಕೊಂಡು ಮಲ್ಕಾಜ್‌ಗಿರಿಯಲ್ಲಿ ಬಸ್ಸು ಹತ್ತುವ ಮನುಷ್ಯನನ್ನು ಜನ ತಿರುಗಿ ನೋಡದೆ ಇರುತ್ತಾರೆಯೇ? ಗೊಲ್ಲಾಳಪ್ಪ ಮೊದಮೊದಲು ಕೇಳಿದವರಿಗೆಲ್ಲ ನಿಜವನ್ನೇ ಹೇಳುತ್ತಿದ್ದ. ದಕ್ಷಿಣ ಧ್ರುವದ ಮಂಜುಗಡ್ಡೆ ಕೊಯ್ಯಲು ಹೋಗುತ್ತಿದ್ದೇನೆ ಎಂದು ಒಬ್ಬ ಕಂಡಕ್ಟರಿಗೆ ಹೇಳಿದಾಗ, ಆತ ಪಕ್ಕದ ಹೆಂಗಸಿನ ಹತ್ತಿರ ತೆಲುಗಿನಲ್ಲಿ ಬಿಸಿಲಿನ ಬಗ್ಗೆ ಏನೋ ಅಂದು ಮುಂದೆ ಹೋದ. ಅಂದಿನಿಂದ ಗೊಲ್ಲಾಳಪ್ಪ ಫ್ಯಾಕ್ಟರಿ ಕೆಲಸ ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ.

ಫ್ಯಾಕ್ಟರಿ ಎನ್ನುವುದೂ ಪೂರಾ ಸುಳ್ಳಲ್ಲ. ಸೇಡಂ ಕಡೆಯಿಂದ ಬಂದ ಈ ಮನುಷ್ಯ ಮುಶೀರಾಬಾದಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಮಂಜುಗಡ್ಡೆ ಕೊಯ್ದವನು. ಮಾಲೀಕ ಜಾಗ ಮಾರಿಕೊಂಡು ಹೋದ ಮೇಲೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕೈ ಖಾಲಿಯಾಯಿತು. ಸಂಬಂಧಿಕ ಗುರುಶಾಂತ ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ನೋಡಿಟ್ಟಿದ್ದ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಬರುವ ಕಾರುಗಳ ನಂಬರು ಬರೆದುಕೊಳ್ಳುವುದು, ಅಷ್ಟೇ. ಕುಳಿತು ಉಣ್ಣುವ ಕೆಲಸ ಎಂದು ಎಲ್ಲರೂ ಹೊಗಳಿದರು. ಆದರೆ ಗೊಲ್ಲಾಳಪ್ಪನಿಗೆ ಆ ಕುರ್ಚಿ ಬೇಡವೇ ಬೇಡವಾಗಿತ್ತು. ಕೈಯಲ್ಲಿ ಗರಗಸವಿಲ್ಲದ ತಾನು ಯಾರು ಎಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವನನ್ನು ಕುರ್ಚಿಯಿಂದ ತಪ್ಪಿಸಿದವಳು ಹೆಂಡತಿ ಗದಿಗೆಮ್ಮ. ಅವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವಳು. ಅವಳ ಹತ್ತಿರ ರೊಟ್ಟಿ ಒಯ್ಯುತ್ತಿದ್ದ ಕುಂದಾಪುರದ ಹುಡುಗ ಪ್ರಜ್ವಲ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ತಮ್ಮಲ್ಲಿ ಮಂಜುಗಡ್ಡೆ ಕೊಯ್ಯುವವನು ಚಳಿ ತಾಳಲಾರದೆ ಓಡಿಹೋದ ಎಂದು ಅವನು ಗೋಳು ಹೇಳಿಕೊಂಡ ದಿನವೇ ಗದಿಗೆಮ್ಮ ಗಂಡನನ್ನು ಅವನ ಹಿಂದೆ ಕಳಿಸಿಕೊಟ್ಟಳು. ಮೂರು ತಿಂಗಳ ಕರಾರಿನ ಮೇಲೆ ಕೆಲಸ ಸಿಕ್ಕಿತು. ಮೇ ಕೊನೆಗೆ ನೋಡಿ ಮುಂದುವರಿಸುವುದು, ಇಲ್ಲವಾದರೆ ನಮಸ್ಕಾರ.

ಅಲ್ಲಿಯ ಯಜಮಾನ್ತಿ ಮೈಸೂರಿನ ವಿಜ್ಞಾನಿ ಕುಮುದಾ. ಅಂಟಾರ್ಕ್ಟಿಕಾದಲ್ಲಿ ಆಳಕ್ಕೆ ಕೊರೆದು ತೆಗೆದ, ಒಂದೊಂದು ಮೀಟರಿನ ಮಂಜಿನ ಕೋಲುಗಳು ಅವರ ಶೀತಕೋಣೆಯಲ್ಲಿ ಸಾಲಾಗಿ ಮಲಗಿದ್ದವು. ಅಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಮುಕ್ಕಾಲು ಗಂಟೆಗೊಮ್ಮೆ ಹೊರಗೆ ಬಂದು ಚಹಾ ಕುಡಿಯಲೇಬೇಕೆಂಬ ನಿಯಮ. ಒಂದು ದಿನ ಬಿಟ್ಟರೆ ಈ ನಿಯಮವನ್ನು ಗೊಲ್ಲಾಳಪ್ಪ ಒಮ್ಮೆಯೂ ಮುರಿಯಲಿಲ್ಲ.

ಮೊದಲ ದಿನವೇ ಅವನು ಎಡವಟ್ಟು ಮಾಡಿದ. ಐಸ್ ಫ್ಯಾಕ್ಟರಿಯಲ್ಲಿ ಒಳ್ಳೆಯ ಮಂಜುಗಡ್ಡೆ ಎಂದರೆ ಆಚೆಗಿನ ಕೈ ಈಚೆಗೆ ಕಾಣಬೇಕು. ಗಾಳಿ ಸೇರಿ ಬೆಳ್ಳಗಾದದ್ದು ಮೀನಿನ ಬುಟ್ಟಿಗೆ, ತಿಳಿಯಾದದ್ದು ಮದುವೆ ಮನೆಯ ಶರಬತ್ತಿಗೆ. ಇಲ್ಲಿ ನೋಡಿದರೆ ಕುಮುದಾ ಮೇಡಂ ಕೊಟ್ಟ ಗೇಣುದ್ದದ ತುಂಡು ಉದ್ದಕ್ಕೂ ಬೆಳ್ಳಗೆ, ಮೈತುಂಬ ಗುಳ್ಳೆ. ಪಾಪ, ಓದಿದವರು, ಯಾರೋ ಮೋಸ ಮಾಡಿ ದಾಟಿಸಿದ್ದಾರೆ ಎಂದು ಅವನ ಕರುಳು ಚುರುಕ್ಕೆಂದಿತು. ಅವರು ಆಚೆ ಹೋದಾಗ ಬಿಳಿಯ ಭಾಗವನ್ನೆಲ್ಲ ಶ್ರದ್ಧೆಯಿಂದ ಹೆರೆದು ಬಕೆಟ್ಟಿಗೆ ತಳ್ಳಿದ. ಇಡೀ ಗೇಣು ಪುಡಿಯಾಗಿ, ತುದಿಯಲ್ಲಿ ಬೆರಳಗಲದ ತಿಳಿ ಚೂರು ಉಳಿಯಿತು. ಅದನ್ನೇ ಎರಡೂ ಕೈಯಲ್ಲಿ ಹಿಡಿದು, ಇಷ್ಟರಲ್ಲಿ ಇದೊಂದೇ ಚಲೋ ಐತ್ರಿ ಎಂದು ಅವರ ಮುಂದೆ ಇಟ್ಟ.

ಕುಮುದಾ ಬಕೆಟ್ಟಿನ ಕಡೆ ನೋಡಿ ಹಾಗೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. ಆ ಗುಳ್ಳೆಗಳೊಳಗೆ ಇರುವುದು ನೂರಾರು ವರ್ಷ ಹಿಂದಿನ ಗಾಳಿ, ವರ್ಷವರ್ಷ ಬಿದ್ದ ಹಿಮ ಒಂದರ ಮೇಲೊಂದು ಒತ್ತಿಕೊಂಡಾಗ ನಡುವೆ ಸಿಕ್ಕಿಬಿದ್ದದ್ದು, ಆಗ ಭೂಮಿ ಹೇಗಿತ್ತು ಎಂದು ತಿಳಿಯಲು ತಮಗೆ ಬೇಕಾದದ್ದೇ ಆ ಗಾಳಿ ಎಂದು ನಿಧಾನವಾಗಿ ವಿವರಿಸಿದರು. ಗೊಲ್ಲಾಳಪ್ಪನಿಗೆ ನಾಚಿಕೆಯಿಂದ ಆ ಚಳಿಯಲ್ಲೂ ಬೆವರು ಬಂತು. ಕೊನೆಗೆ ಅವರು ಹೇಳಿದ್ದು ಒಂದೇ ಮಾತು.

"ಇನ್ಮೇಲೆ ನೀವು ಏನೂ ಯೋಚನೆ ಮಾಡೋದು ಬೇಡ ಗೊಲ್ಲಾಳಪ್ಪನವರೇ. ನಾನು ಪೆನ್ಸಿಲಲ್ಲಿ ಗೆರೆ ಹಾಕಿರ್ತೀನಿ. ಗೆರೆ ಇದ್ದ ಕಡೆ ಕೊಯ್ರಿ, ಸಾಕು."

ಹಾಗೇ ಆಯಿತು. ಅವನ ಕೈ ಅಲುಗುವುದಿಲ್ಲ ಎಂಬುದನ್ನು ಅವರೂ ಕಂಡರು. ಕೂದಲೆಳೆಯಷ್ಟೂ ಆಚೀಚೆ ಆಗದೆ ಗೆರೆಯ ಮೇಲೇ ಗರಗಸ ಇಳಿಯುತ್ತಿತ್ತು. ಪ್ರಜ್ವಲ ತುಂಡುಗಳನ್ನು ಚೀಲಕ್ಕೆ ಹಾಕಿ ನಂಬರು ಅಂಟಿಸುತ್ತಿದ್ದ. ಮನೆಯಲ್ಲಿ ಗದಿಗೆಮ್ಮ ಮಾತ್ರ ನಕ್ಕು ನಕ್ಕು ಸುಸ್ತಾದಳು. ಅಷ್ಟು ವರ್ಷ ನೀರು ಕೊಯ್ದಿರಿ, ಈಗ ಗಾಳಿ ಕೊಯ್ಯುವುದಕ್ಕೆ ಬಡ್ತಿ ಸಿಕ್ಕಿತೇನು ಎಂದು ಓಣಿಯ ಹೆಂಗಸರ ಮುಂದೆಯೇ ಕೇಳಿದಳು.

ಮೇ ತಿಂಗಳ ಕೊನೆಯ ಶುಕ್ರವಾರ ಬಂತು. ನಲವತ್ತು ಕೋಲುಗಳಲ್ಲಿ ನಾಲ್ಕು ಉಳಿದಿದ್ದವು. ಸೋಮವಾರ ಶೀತಕೋಣೆಯನ್ನು ಇನ್ನೊಂದು ತಂಡಕ್ಕೆ ಬಿಟ್ಟುಕೊಡಬೇಕು. ತುಂಡುಗಳನ್ನು ಒಯ್ಯುವ ತಂಪು ವ್ಯಾನು ಸಂಜೆ ನಾಲ್ಕಕ್ಕೆ ಬಾಗಿಲಿಗೆ ಬರುತ್ತದೆ. ಇವತ್ತು ಕೆಲಸ ಸುಸೂತ್ರವಾಗಿ ಮುಗಿದರೆ ನಿಮ್ಮ ಕರಾರಿನ ಕಾಗದಕ್ಕೆ ಇವತ್ತೇ ಬರೆದು ಕಳಿಸುತ್ತೇನೆ ಎಂದು ಕುಮುದಾ ಬೆಳಿಗ್ಗೆಯೇ ಹೇಳಿ ತಮ್ಮ ಕೋಣೆಗೆ ಹೋಗಿದ್ದರು.

ಮೂವತ್ತೇಳನೆಯ ಕೋಲನ್ನು ಮೇಜಿನ ಮೇಲಿಟ್ಟು ಗರಗಸ ಶುರುಮಾಡಿದ ಗೊಲ್ಲಾಳಪ್ಪ, ಗೆರೆ ನೇರ ಕೂತಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ನೋಡಿದವನು ಹಾಗೇ ನಿಂತ. ಪೆನ್ಸಿಲ್ ಗೆರೆಗೆ ಸರಿಯಾಗಿ ಕೆಳಗೆ, ಬಿಳಿಯ ಮೈಯೊಳಗೆ, ಜೋಳದ ಕಾಳಿನ ದಪ್ಪದ ಒಂದು ತಿಳಿ ಪಟ್ಟಿ ಓಡಿತ್ತು. ಒಂದು ಗುಳ್ಳೆಯೂ ಇಲ್ಲ. ಹಿಮ ಒತ್ತಿಕೊಂಡು ಆದ ಗಡ್ಡೆ ಅದಲ್ಲ, ನೀರಾಗಿ ಆಮೇಲೆ ಹೆಪ್ಪುಗಟ್ಟಿದ್ದು. ಇಪ್ಪತ್ತೆರಡು ವರ್ಷ ಬೇರೆ ಇನ್ನೇನು ನೋಡಿದ್ದಾನೆ ಅವನು? ಈಗ ಗರಗಸ ಇಳಿಸಿದರೆ ಹಲ್ಲಿಗೆ ಸಿಕ್ಕಿ ಪಟ್ಟಿ ಪೂರ್ತಿ ಪುಡಿಯಾಗುತ್ತದೆ.

ಯೋಚನೆ ಮಾಡುವುದು ಬೇಡ ಎಂದಿದ್ದಾರೆ. ಗೆರೆ ಇದ್ದಲ್ಲಿ ಕೊಯ್ದರೆ ಯಾರೂ ಅವನನ್ನು ಕೇಳುವುದಿಲ್ಲ. ವ್ಯಾನು ಹೋಗುತ್ತದೆ, ಕಾಗದ ಬರುತ್ತದೆ. ನಿಲ್ಲಿಸಿ, ಅದು ಏನೂ ಅಲ್ಲವೆಂದಾದರೆ ಇದು ಎರಡನೆಯ ಎಡವಟ್ಟು, ಮುಂದೆ ಮಿಯಾಪುರದ ಕುರ್ಚಿ. ಗೊಲ್ಲಾಳಪ್ಪನಿಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೂ ಕೈ ಹೋಗಿ ಗರಗಸದ ಸ್ವಿಚ್ಚು ಆರಿಸಿಬಿಟ್ಟಿತು.

ಪ್ರಜ್ವಲ ಬಂದು ಬಗ್ಗಿ ನೋಡಿದ. ಕೋಲಿನ ಮೇಲೆ ಹುಡಿಮಂಜು ಕೂತಿದ್ದರಿಂದ ಅವನಿಗೆ ಏನೂ ಕಾಣಲಿಲ್ಲ. ಮೇಡಮ್ಮೇ ಗೆರೆ ಹಾಕಿದ್ದಾರಲ್ಲ ಅಂಕಲ್, ಕೊಯ್ದುಬಿಡಿ, ಬೆರಳು ಮರಗಟ್ಟುತ್ತಿದೆ ಎಂದು ಗೋಗರೆದ. ಗೊಲ್ಲಾಳಪ್ಪ ಅವರನ್ನು ಕರೆದುಕೊಂಡು ಬಾ ಎಂದ.

ಕುಮುದಾ ಕೋಟಿನ ಒಂದೇ ತೋಳು ತೊಟ್ಟುಕೊಂಡು, ಹುಬ್ಬು ಗಂಟಿಕ್ಕಿಕೊಂಡೇ ಬಂದರು. ಅವರಿಗೂ ಕಾಣಲಿಲ್ಲ.

"ಒಂದ್ ಚೂರು ಮ್ಯಾಲಿನ ಬಿಳಿಪುಡಿ ಕೆರೀಲೇನ್ರಿ?" ಎಂದು ಗೊಲ್ಲಾಳಪ್ಪ ಕೇಳಿದ.

ಕೆರೆಯುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ಕುಮುದಾ ಬಕೆಟ್ಟಿನ ಕಡೆ ನೋಡಿದರು. ಆಮೇಲೆ ಅವನ ಮುಖ ನೋಡಿ, ಆಗಲಿ ಎಂದು ತಲೆ ಆಡಿಸಿದರು. ಅವನು ತೊಳೆದಿಟ್ಟ ಅಲಗಿನಿಂದ ಒಂದೇ ಒಂದು ಸಲ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಎಳೆದ. ಪ್ರಜ್ವಲ ಹಿಂದಿನಿಂದ ದೀಪ ಹಿಡಿದ. ಕೋಲಿನ ಅಡ್ಡಕ್ಕೆ ಪಟ್ಟಿ ಫಳಫಳ ಹೊಳೆಯಿತು.

ಅವರು ಇನ್ನೊಂದು ತೋಳನ್ನು ತೊಡುವುದನ್ನೇ ಮರೆತು ಬಗ್ಗಿ ನೋಡುತ್ತ ನಿಂತರು. ಆಮೇಲೆ ಅವನಿಗೂ ಪ್ರಜ್ವಲನಿಗೂ ಒಟ್ಟಿಗೇ ಹೇಳಿದರು. ಸುಮಾರು ಮುನ್ನೂರು ವರ್ಷದ ಹಿಂದೆ ಒಂದು ಬೇಸಿಗೆ ಆ ಜಾಗ ಎಂದಿಗಿಂತ ಬೆಚ್ಚಗಾಗಿದೆ. ಮೇಲಿನ ಹಿಮ ಕರಗಿ ನೀರಾಗಿ ಕೆಳಗೆ ಇಳಿದು ಮತ್ತೆ ಗಟ್ಟಿಯಾಗಿದೆ. ಇಂಥ ಪಟ್ಟಿ ದಪ್ಪವಿದ್ದಲ್ಲೆಲ್ಲ ತಾವು ಗುರುತಿಸಿ ಗೆರೆಯನ್ನು ಆಚೆ ಹಾಕಿದ್ದರು, ಇಷ್ಟು ಸಣ್ಣದು ಕಣ್ಣು ತಪ್ಪಿಸಿದೆ. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು.

"ಈ ಮೊದಲು ಕೊಯ್ದಿರೋದರಲ್ಲಿ ಇಂಥದ್ದು ಇತ್ತಾ?"

ಇಲ್ಲ ಎಂದುಬಿಟ್ಟರೆ ಎಲ್ಲರಿಗೂ ಸುಖ. ಗೊಲ್ಲಾಳಪ್ಪ ಕೈಗವಸಿನ ಬೆರಳನ್ನು ಎಳೆಯುತ್ತ ನಿಂತ.

"ಎರಡು ಇದ್ವುರಿ. ಹತ್ತೊಂಬತ್ತರಾಗ ಒಂದು, ಇಪ್ಪತ್ತಾರರಾಗ ಒಂದು. ಗೆರಿ ಮ್ಯಾಲೇ ಇದ್ವು. ಕೊಯ್ದೆರಿ. ನೀವು ಯೋಚನಿ ಬ್ಯಾಡ ಅಂದಿದ್ರಿ."

ಪ್ರಜ್ವಲ ದೀಪ ಹಿಡಿದುಕೊಂಡೇ ನೆಲ ನೋಡತೊಡಗಿದ. ಗೊಲ್ಲಾಳಪ್ಪನಿಗೆ ತನ್ನ ಕಥೆ ಮುಗಿಯಿತು ಅನ್ನಿಸಿತು. ಅಷ್ಟರಲ್ಲಿ ಕುಮುದಾ ಬಾಯಿಗೆ ಕೈ ಅಡ್ಡ ಹಿಡಿದರು. ಮೊದಲು ಅಳುತ್ತಿದ್ದಾರೆ ಎಂದುಕೊಂಡ. ಅವರು ನಗುತ್ತಿದ್ದರು.

"ನೀವು ಒಂದು ಗೇಣು ಮಂಜು ಹಾಳು ಮಾಡಿದ್ರಿ. ನಾನು ಎರಡು ಬೇಸಿಗೆ ಹಾಳು ಮಾಡಿದೆ," ಎಂದರು. "ನಂದೇ ಜಾಸ್ತಿ ಆಯ್ತು."

ಮುಂದಿನ ಎರಡು ಗಂಟೆ ಆ ಕೋಣೆಯಲ್ಲಿ ನಡೆದದ್ದು ಹಬ್ಬದ ಮನೆಯ ಗಡಿಬಿಡಿ. ಕುಮುದಾ ವ್ಯಾನಿನವನಿಗೆ ಫೋನು ಮಾಡಿ ಬರಬೇಡ ಎಂದರು. ಇನ್ನೊಂದು ತಂಡದವರ ಕಾಲು ಹಿಡಿಯುವುದೊಂದು ಬಾಕಿ, ಬೇಡಿಕೊಂಡು ಹತ್ತು ದಿನ ಹೆಚ್ಚಿಗೆ ತೆಗೆದುಕೊಂಡರು. ಹತ್ತೊಂಬತ್ತು, ಇಪ್ಪತ್ತಾರರ ಚೀಲಗಳನ್ನು ಬಿಚ್ಚಿ ಮೂವರೂ ತುಂಡುಗಳ ಅಂಚು ಹುಡುಕಿದರು. ಇಪ್ಪತ್ತಾರರದು ಪೂರ್ತಿ ಪುಡಿಯಾಗಿ ಹೋಗಿತ್ತು. ಹತ್ತೊಂಬತ್ತರ ಒಂದು ತುಂಡಿನ ಅಂಚಿಗೆ ಉಗುರಿನ ದಪ್ಪದ ತಿಳಿ ಪೊರೆ ಅಂಟಿಕೊಂಡಿತ್ತು. ಅದು ಸಿಕ್ಕಾಗ ಪ್ರಜ್ವಲ ಬೆರಳು ಮರಗಟ್ಟಿದ್ದನ್ನೂ ಮರೆತು ಕುಣಿದ. ನಡುವೆ ಚಹಾಕ್ಕೆ ಹೋಗುವ ನಿಯಮವನ್ನು ಆ ದಿನ ಮೂವರೂ ಒಟ್ಟಿಗೇ ಮುರಿದರು.

ಹೊರಡುವಾಗ ಕುಮುದಾ ಅವನ ಎದುರಿಗೇ ಆಫೀಸಿಗೆ ಫೋನು ಮಾಡಿ, ಕರಾರು ಮೂರು ತಿಂಗಳಲ್ಲ, ಒಂದು ವರ್ಷಕ್ಕೆ ಬರೆಯಿರಿ ಎಂದರು. ಫೋನಿಟ್ಟು ಅವನ ಕಡೆ ತಿರುಗಿ, ಸೋಮವಾರದಿಂದ ಅರ್ಧ ಗಂಟೆ ಮೊದಲೇ ಬರಬೇಕು, ಮೊದಲು ನೀವು ಕೋಲು ನೋಡುವುದು, ಆಮೇಲೆ ನಾನು ಗೆರೆ ಹಾಕುವುದು ಎಂದರು. ಗೊಲ್ಲಾಳಪ್ಪ ಹೂಂ ಎಂದ. ಬಸ್ ಸ್ಟಾಪಿನಲ್ಲಿ ನಿಂತು ಗುರುಶಾಂತನಿಗೆ ಫೋನು ಮಾಡಿ, ಕುರ್ಚಿ ಬೇರೆ ಯಾರಿಗಾದರೂ ಕೊಡಿಸಪ್ಪಾ ಎಂದ.

ಮನೆಗೆ ಬಂದಾಗ ಇನ್ನೂ ಬಿಸಿಲು ಇಳಿದಿರಲಿಲ್ಲ. ಗದಿಗೆಮ್ಮ ಒಲೆಯ ಮುಂದೆ ಬೆವರು ಸುರಿಸುತ್ತ ಸಂಜೆಯ ರೊಟ್ಟಿ ಬಡಿಯುತ್ತಿದ್ದಳು. ಗಂಡನ ಮುಖ ನೋಡಿಯೇ ಅವಳಿಗೆ ಕೆಲಸ ಉಳಿಯಿತು ಎಂದು ಗೊತ್ತಾಯಿತು. ಆದರೂ ಎಲ್ಲವನ್ನೂ ಮೊದಲಿನಿಂದ ಹೇಳಿಸಿಕೊಂಡಳು. ಅವನು ಗರಗಸ ನಿಲ್ಲಿಸಿದ ಕಡೆ ಬಂದಾಗ ಅವಳ ಕೈಯೂ ನಿಂತಿತು, ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

"ಅಂಥಾ ಥಂಡ್ಯಾಗ ಹೋಗಿ ಕಡೀಕ ಹುಡುಕಿದ್ದು ಏನಪಾ ಅಂದ್ರ, ಬ್ಯಾಸಗಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಇಲ್ಲೇ ಕುಂತಿದ್ರ ನಾನ ತೋರಸ್ತಿದ್ದೆ."

ಇಬ್ಬರೂ ನಕ್ಕರು. ಅವಳು ಸೀದ ರೊಟ್ಟಿಯನ್ನು ಪಕ್ಕಕ್ಕೆ ತೆಗೆದಿಟ್ಟು ಇನ್ನೊಂದು ಹಿಟ್ಟಿನ ಉಂಡೆ ಹಿಡಿದು ಕೇಳಿದಳು.

"ಮುನ್ನೂರು ವರ್ಷದ ಹಿಂದ ಆ ಬರ್ಫಿನ ಊರಾಗ ಯಾರರ ಇದ್ರೇನ್ರಿ?"

ಯಾರೂ ಇರಲಿಲ್ಲವಂತೆ, ಒಂದು ನರಪಿಳ್ಳೆಯೂ ಇರಲಿಲ್ಲವಂತೆ ಎಂದ ಗೊಲ್ಲಾಳಪ್ಪ.

"ಹಂಗಾರ ಆ ಬ್ಯಾಸಗೀನ ಮೊದಲ ನೋಡಿದವರು ನೀವ ಆದ್ರಿ," ಎಂದು ಗದಿಗೆಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಗೊಲ್ಲಾಳಪ್ಪನಿಗೆ ಇದು ಹೊಳೆದಿರಲಿಲ್ಲ. ಕುಮುದಾ ಮೇಡಮ್ಮಿಗೂ ಹೊಳೆದಿರಲಿಕ್ಕಿಲ್ಲ, ಸೋಮವಾರ ಹೋದ ಕೂಡಲೇ ಹೇಳಬೇಕು ಎಂದುಕೊಂಡ.